ಜೀಪು ಉಸಿರು ತೆಗೆದುಕೊಳ್ಳುವ ಜಾಗ

ನಾರಾಯಣಖೇಡದ ಹೊರಗೆ ತಾಂಡಾಗಳ ಕಡೆಯಿಂದ ಬರುವ ದಾರಿಯಲ್ಲಿ ಒಂದು ಏರು ಇದೆ. ಅಂಥ ದೊಡ್ಡದೇನಲ್ಲ, ಕಟ್ಟಿಗೆ ಹೊರೆ ಹೊತ್ತ ಹೆಂಗಸರು ಮಾತು ನಿಲ್ಲಿಸದೆ ಹತ್ತಿಹೋಗುವಷ್ಟು. ಕಾರ್ತಿಕದ ಒಂದು ಗುರುವಾರ ಬೆಳಿಗ್ಗೆ, ಶಾಲೆಗೆ ಇನ್ನು ಎರಡೇ ಮೈಲಿ ಇದೆ ಎನ್ನುವಾಗ, ಜಗದೇವಿಯ ಜೀಪು ಆ ಏರಿನ ನಡುವೆ ನಾಲ್ಕು ಸಲ ಕೆಮ್ಮಿ, ಹಿಂದಿನ ತೊಗರಿ ಹೊಲವೇ ಕಾಣದಷ್ಟು ನೀಲಿ ಹೊಗೆ ಬಿಟ್ಟು, ನಿಂತುಕೊಂಡಿತು.

"ಡ್ರೈವರಮ್ಮಾ, ಜೀಪ್ ಬೀಡಿ ಸೇದಾಕತ್ತದ," ಎಂದು ಹಿಂದಿನ ಸೀಟಿನಿಂದ ಒಂದು ಮಗು ಹೇಳಿತು.

"ಸೇದಿ ಸೇದಿನೇ ಹಿಂಗ ಆಗ್ಯಾದ. ನೀವ್ ಯಾರೂ ಸೇದಬ್ಯಾಡ್ರಿ," ಎಂದ ಪಕ್ಕದ ಸೀಟಿನಲ್ಲಿದ್ದ ಕಾಶಿನಾಥ. ಮಕ್ಕಳೆಲ್ಲ ನಕ್ಕರು. ಸ್ಟೀರಿಂಗ್ ಹಿಡಿದು ಕೂತಿದ್ದ ಅವನ ಹೆಂಡತಿ ಜಗದೇವಿ ಮಾತ್ರ ನಗಲಿಲ್ಲ. ಗಂಡ ತಮಾಷೆ ಮಾಡುತ್ತಿದ್ದಾನೆಂದರೆ ಅವನ ಕಿವಿಗೆ ಏನೋ ಕೆಟ್ಟದ್ದು ಕೇಳಿಸಿದೆ ಎಂದೇ ಅರ್ಥ.

ಮಕ್ಕಳನ್ನು ಇಳಿಸಿ, ಕೈಕೈ ಹಿಡಿಸಿ, ದಾರಿಯ ಎಡಕ್ಕೆ ಸಾಲಾಗಿ ನಡೆಸಿಕೊಂಡು ಹೋಗಿ ಶಾಲೆ ಮುಟ್ಟಿಸಿದಳು. ಮರಳಿ ಬರುವಾಗ ದೇವಿದಾಸನ ಹೊಸ ಹಳದಿ ವ್ಯಾನು ಎದುರಾಯಿತು. ಅವನು ಗಾಡಿ ನಿಧಾನ ಮಾಡಿ, "ಯಾಕ ಅಕ್ಕಾ, ನಡಕೋತ ಹೊಂಟಿ? ನಂದರಾಗ ಇನ್ನೂ ಹತ್ತು ಮಕ್ಕಳಿಗೆ ಜಾಗ ಅದ ನೋಡು," ಎಂದ. ಕೇಡಿನ ಮನುಷ್ಯನಲ್ಲ ದೇವಿದಾಸ. ಆದರೆ ವ್ಯಾನು ತಂದವನು ಖಾಲಿ ಸೀಟು ಎಣಿಸದೆ ಇರುತ್ತಾನೆಯೇ?

ಈ ಜೀಪಿನ ಸಂಗತಿ ಇಲ್ಲಿ ಸ್ವಲ್ಪ ಹೇಳಬೇಕು. ಕಾಶಿನಾಥ ಇಪ್ಪತ್ತೆರಡು ವರ್ಷ ಅದನ್ನು ಜಹೀರಾಬಾದಿನ ದಾರಿಯಲ್ಲಿ ಓಡಿಸಿದವನು. ಸಕ್ಕರೆ ರೋಗ ಕಣ್ಣಿಗೆ ಇಳಿದು, ಎದುರಿನ ಲಾರಿ ಬರೀ ನೆರಳಾಗಿ ಕಾಣತೊಡಗಿದ ದಿನ ಅವನು ಬೀಗದ ಕೈಯನ್ನು ತಂದು ದೇವರ ಜಗುಲಿಯ ಮೇಲೆ ಇಟ್ಟುಬಿಟ್ಟ. ಮೂರು ದಿನ ಅದು ಅಲ್ಲೇ ಇತ್ತು. ನಾಲ್ಕನೆಯ ದಿನ ಜಗದೇವಿ ಲಿಂಗಪೂಜೆ ಮುಗಿಸಿ ಎದ್ದವಳು ಅದನ್ನು ಕೈಗೆತ್ತಿಕೊಂಡು, "ನನಗ ಕಲಸರಿ," ಎಂದಳು. ಅವಳಿಗೆ ಆಗ ನಲವತ್ಮೂರು. ಮಾರುಕಟ್ಟೆಯ ಹಿಂದಿನ ಬಯಲಿನಲ್ಲಿ ಕಾಣದವನು ಕಲಿಸಿದ, ಕಾಣುವವಳು ಕಲಿತಳು. ಗೇರು ತಪ್ಪಿದರೆ ಅವನಿಗೆ ಸಪ್ಪಳದಲ್ಲೇ ತಿಳಿಯುತ್ತಿತ್ತು.

ಮೊದಲ ವರ್ಷ ನಾಲ್ಕೇ ಮಕ್ಕಳು. ಹೆಂಗಸಿನ ಕೈಯಲ್ಲಿ ಮಕ್ಕಳನ್ನು ಕೊಡುವುದೇ ಎಂದು ಊರು ಅನುಮಾನಿಸಿತು. ಮೂರು ವರ್ಷದಲ್ಲಿ ಒಂದು ಗೀಚೂ ಇಲ್ಲದೆ ಓಡಿಸಿದ ಮೇಲೆ ಎರಡು ಸರತಿಗೆ ಹತ್ತೊಂಬತ್ತು ಮಕ್ಕಳಾದವು. ಒಂದೊಂದು ಮನೆಯ ವಿಶ್ವಾಸವನ್ನೂ ಅವಳು ಹೀಗೆ ದಿನದಿನ ಓಡಿಸಿ ಸಂಪಾದಿಸಿದ್ದು. ಈಗ ಜೀಪು ನಿಂತರೆ ಆ ಹತ್ತೊಂಬತ್ತು ಮನೆಗಳು ಹಳದಿ ವ್ಯಾನಿಗೆ ಕೈ ಮಾಡುತ್ತವೆ. ಒಮ್ಮೆ ಹೋದವರು ಬರುವುದು ಕಷ್ಟ.

ಆ ಸಂಜೆ ಸುದ್ದಿ ಕೇಳಿ ತಾಂಡೂರಿನಿಂದ ಅವಳ ತಮ್ಮ ಆನಂದಕುಮಾರ ಬಂದ. ಬ್ಯಾಂಕಿನ ನೌಕರಿ, ಅಂಗಿಯ ಕಿಸೆಗೆ ಎರಡು ಪೆನ್ನು, ಯಾವ ಮಾತಿಗೂ ಉತ್ತರ ಸಿದ್ಧ. ಕೈಕಾಲು ತೊಳೆಯುವ ಮೊದಲೇ ಹೇಳಿದ:

"ಅಕ್ಕಾ, ಫಿಕರ್ ಬ್ಯಾಡ. ತಾಂಡೂರಿನಾಗ ರೆಡಿ ಇಂಜಿನ್ ಅದ. ಇದೇ ಜೀಪಿಂದು. ಗಾಡಿ ಪಲ್ಟಿ ಆಗಿ ಬಾಡಿ ಜಜ್ಜಿ ಹೋಗ್ಯಾದ, ಇಂಜಿನ್ ಮಾತ್ರ ಖಡಕ್ ಅದ. ಹಳೇದು ಇಳಸೂದು, ಅದನ್ನ ಏರಿಸೂದು. ಎರಡ ದಿನದಾಗ ಮಕ್ಕಳನ್ನ ಹತ್ತಿಸಬಹುದು."

"ಇದನ್ನ ಬಿಚ್ಚಿ ಕಟ್ಟಿಸಿದ್ರ?"

"ಅದಕ್ಕ ಎಂಟೋ ಹತ್ತೋ ದಿನ. ಅಷ್ಟರಾಗ ದೇವಿದಾಸ ನಿನ್ನ ಮಕ್ಕಳಿಗೆ ಹಾಡು ಹಚ್ಚಿ, ಚಾಕಲೇಟ್ ಕೊಟ್ಟು, ತನ್ನವು ಮಾಡಕೊಂಡಿರ್ತಾನ."

ಕಾಶಿನಾಥ ಗೋಡೆಗೆ ಒರಗಿ ಕೂತಿದ್ದವನು ನಿಧಾನವಾಗಿ, "ಆನಂದಾ, ಮನ್ಮಥಪ್ಪ ಕಾಕಾನ ಕೇಳದ ನಾವು ಏನೂ ಮಾಡಾಂಗಿಲ್ಲೋ," ಎಂದ.

"ಮಾಮಾ, ಮನ್ಮಥಪ್ಪಗ ಎಪ್ಪತ್ತ ವರ್ಷ ಆತು."

"ಹೌದು. ಅದಕ್ಕ ಕೇಳಬೇಕು."

ಮನ್ಮಥಪ್ಪನ ಹೆಸರು ಜಹೀರಾಬಾದಿನ ಹೆದ್ದಾರಿ ಪಕ್ಕದ ಗ್ಯಾರೇಜುಗಳ ಸಾಲಿನಲ್ಲಿ ಯಾವ ಫಲಕದ ಮೇಲೂ ಇರಲಿಲ್ಲ. ಬೇವಿನ ಮರದ ಕೆಳಗೆ ತಗಡಿನ ಒಂದು ಶೆಡ್ಡು, ಅಷ್ಟೇ. ಆದರೆ ನ್ಯಾಲ್ಕಲ್ ಕಡೆಯ ಜೀಪಿನವರು, ಬಶೀರಾಬಾದಿನ ಟ್ರ್ಯಾಕ್ಟರಿನವರು, ಎಲ್ಲರೂ ಆ ಮರವನ್ನು ಬಲ್ಲರು. ಮುಂಜಾನೆ ಹಣೆಗೆ ಮೂರು ಬೆರಳು ವಿಭೂತಿ ಹಚ್ಚಿ ಶೆಡ್ಡಿಗೆ ಬಂದರೆ ಮೊದಲು ನೆಲ ಗುಡಿಸುವನು. ಬಲಗೈಯ ಕಿರುಬೆರಳಿನ ಉಗುರೊಂದನ್ನು ಮಾತ್ರ ಉದ್ದ ಬಿಟ್ಟಿದ್ದ. ಉಳಿದ ಒಂಬತ್ತನ್ನೂ ಗ್ರೀಸು ನಿಲ್ಲದಂತೆ ಕತ್ತರಿಸುತ್ತಿದ್ದ. ಅವನದೊಂದು ನೇಮವಿತ್ತು. ಮಾಲೀಕರು ಎದುರಿಗಿಲ್ಲದೆ ಯಾರ ಇಂಜಿನ್ನನ್ನೂ ಬಿಚ್ಚುತ್ತಿರಲಿಲ್ಲ. ಬಿಚ್ಚಿದ ಮೇಲೆ ಒಂದೊಂದು ಸಾಮಾನನ್ನೂ ಒಗೆದ ಬಿಳಿ ಪಂಚೆಯ ಮೇಲೆ, ಬಿಚ್ಚಿದ ಸರತಿಯಲ್ಲೇ, ಸಾಲಾಗಿ ಇಡುವನು. ಮಾಲೀಕರ ಕೈ ಮುಟ್ಟಿ ನೋಡುವ ತನಕ ತನ್ನ ಅಭಿಪ್ರಾಯ ಹೇಳುತ್ತಿರಲಿಲ್ಲ. ಅವಸರದ ಗಿರಾಕಿಗಳು ಇದಕ್ಕೇ ಅವನನ್ನು ಬಿಟ್ಟು ಬೇರೆಯವರ ಕಡೆ ಹೋಗುತ್ತಿದ್ದರು. ಕೆಲವರು ಸುತ್ತಿ ಬಳಸಿ ಮತ್ತೆ ಅಲ್ಲಿಗೇ ಬರುತ್ತಿದ್ದರು.

ಎರಡು ದಿನ ಜೀಪು ಬರುವುದಿಲ್ಲ ಎಂದಷ್ಟೇ ಮಕ್ಕಳ ಮನೆಗಳಿಗೆ ಹೇಳಿ ಕಳಿಸಿ, ಶುಕ್ರವಾರ ಜೀಪನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ಮನ್ಮಥಪ್ಪ ಬಾನೆಟ್ಟು ಎತ್ತಿ, ಎಣ್ಣೆ ಹಾಕುವ ಮುಚ್ಚಳ ತೆಗೆದು, ಇಂಜಿನ್ ಚಾಲೂ ಮಾಡಿಸಿದ. ಆ ತೂತಿನಿಂದ ಕುದಿಯುವ ಗಡಿಗೆಯಂತೆ ಹಬೆ ಎದ್ದಿತು. ಅವನು ತನ್ನ ಅಂಗೈಯನ್ನು ಅದರ ಮೇಲೆ ಹಿಡಿದು, ಕಣ್ಣು ಮುಚ್ಚಿ ನಿಂತ.

"ಬಂದ್ ಮಾಡ್ರಿ," ಎಂದ. "ಸವದಾದ. ಭಾಳ ಸವದಾದ."

"ಹಾಂಗಾದ್ರ ಬದಲಿ ಮಾಡೂದೇ ಛಲೋ ಅಲ್ರೀ?" ಎಂದ ಆನಂದಕುಮಾರ. "ತಾಂಡೂರಿನಾಗ ರೆಡಿ ಅದ."

ಮುದುಕ ಕೈ ಒರೆಸಿಕೊಂಡು ಕಾಶಿನಾಥನ ಕಡೆ ತಿರುಗಿದ. "ಕಾಶಿನಾಥ, ನಾಳೆ ತಾಂಡೂರಿಗೆ ಹೋಗಿ ಅದನ್ನ ಕೇಳಿ ಬಾ. ನಿನ್ನ ಕಿವಿಗಿಂತ ದೊಡ್ಡ ಮಷೀನ್ ನನ್ನ ಹಂತ್ಯಾಕ ಇಲ್ಲ. ಅದು ಛಲೋ ಇದ್ರ ಛಲೋ ಅಂತ ಹೇಳು. ನನ್ನ ಮುಖ ನೋಡಿ ಸುಳ್ಳ ಹೇಳಬ್ಯಾಡ. ನಾಡಿದ್ದ ಇದನ್ನ ನಿಮ್ಮ ಮುಂದ ಬಿಚ್ಚತೀನಿ."

ಆನಂದಕುಮಾರನಿಗೆ ಆಶ್ಚರ್ಯ. ತನ್ನ ಕೈಗೆ ಬಂದ ಕೆಲಸವನ್ನು ಬೇರೆ ಊರಿಗೆ ತಾನೇ ಕಳಿಸುವ ಮೇಸ್ತ್ರಿಯನ್ನು ಅವನು ನೋಡಿರಲಿಲ್ಲ.

ಶನಿವಾರ ಮೂವರೂ ಬಸ್ಸು ಹಿಡಿದು ತಾಂಡೂರಿಗೆ ಹೋದರು. ಸಾಮಾನಿನ ಅಂಗಡಿ ಊರ ಹೊರಗೆ, ಬಂಡೆ ಪಾಲಿಶ್ ಮಾಡುವ ಶೆಡ್ಡುಗಳ ನಡುವೆ. ಗಿಡದೆಲೆಗಳ ಮೇಲೂ ಬಿಳಿ ಪುಡಿ. ಅಂಗಡಿಯವನು ಇಂಜಿನ್ನನ್ನು ಕಬ್ಬಿಣದ ಚೌಕಟ್ಟಿಗೆ ಬಿಗಿದು ಚಾಲೂ ಮಾಡಿ ತೋರಿಸಿದ. ಕಾಶಿನಾಥ ಉದ್ದನೆಯ ಸ್ಕ್ರೂಡ್ರೈವರ್ ಒಂದನ್ನು ಕೇಳಿ ಪಡೆದು, ಅದರ ತುದಿಯನ್ನು ಇಂಜಿನ್ನಿಗೆ ಒತ್ತಿ, ಹಿಡಿಯನ್ನು ಕಿವಿಗೆ ಹಚ್ಚಿದ. ಒಂದು ಕಡೆ, ಇನ್ನೊಂದು ಕಡೆ, ಕೆಳಗೆ, ಹೀಗೆ ಅರ್ಧ ತಾಸು. ಡಾಕ್ಟರು ಎದೆ ಬಡಿತ ಕೇಳಿದ ಹಾಗೆ. ಬಂಡೆ ಕೊಯ್ಯುವ ಗದ್ದಲದ ನಡುವೆ ಅವನಿಗೆ ಏನು ಕೇಳಿಸುತ್ತಿತ್ತೋ ಶಿವನೇ ಬಲ್ಲ. ಜಗದೇವಿ ಅವನ ಮುಖವನ್ನೇ ನೋಡುತ್ತ ನಿಂತಿದ್ದಳು. ತಾನು ಓಡಿಸಲಾರದ ಗಾಡಿಗಾಗಿ ಇಷ್ಟು ಶ್ರದ್ಧೆಯಿಂದ ಬಗ್ಗಿ ನಿಂತ ಮನುಷ್ಯ ತನ್ನ ಗಂಡ ಎಂದು ಅವಳ ಮನಸ್ಸು ತುಂಬಿ ಬಂತು.

"ಛಲೋ ಅದ," ಎಂದ ಅವನು ಕೊನೆಗೆ. "ಹೊರಗಿಂದ ಕೇಳಿದ್ರ ಒಂದ ಐಬೂ ಇಲ್ಲ."

"ಮತ್ತ? ಪಕ್ಕಾ ಮಾಡೋಣ?" ಆನಂದಕುಮಾರ ಪೆನ್ನು ತೆಗೆದೇಬಿಟ್ಟ.

ಜಗದೇವಿಗೆ ಹೂಂ ಎಂದುಬಿಡುವ ಆಸೆಯಾಯಿತು. ಸೋಮವಾರಕ್ಕೆ ಇಂಜಿನ್ ಏರಿದರೆ ಮಂಗಳವಾರಕ್ಕೆ ಮಕ್ಕಳು. ಯಾರ ಮನೆಯ ಮುಂದೂ ನಿಂತು ಏನೂ ಹೇಳಬೇಕಾಗಿಲ್ಲ. ಆದರೂ ಮುದುಕನಿಗೆ ಮಾತು ಕೊಟ್ಟಾಗಿತ್ತು. "ಒಂದ ದಿನ ತಡಿ ತಮ್ಮಾ. ನಾಳೆ ಅದನ್ನ ನೋಡಿ ಹೇಳ್ತೀನಿ," ಎಂದಳು.

ಭಾನುವಾರ ಬೇವಿನ ಮರದ ಕೆಳಗೆ ಬಿಳಿ ಪಂಚೆ ಹಾಸಿತ್ತು. ಮನ್ಮಥಪ್ಪ ಕೈ ಮುಗಿದು ಕೆಲಸ ಶುರು ಮಾಡಿದ. ಬೋಲ್ಟು ಸಡಿಲಿಸುವುದರಲ್ಲೂ ಅವನಿಗೆ ಅವಸರವಿಲ್ಲ. ಮದುವೆ ಮನೆಯಲ್ಲಿ ಹೂವಿನ ದಂಡೆ ಬಿಡಿಸುವವರ ಹಾಗೆ ಬೆರಳಾಡಿಸುತ್ತಿದ್ದ. ಇಂಜಿನ್ನಿನ ತಲೆಭಾಗ ಎತ್ತಿಟ್ಟಾಗ ನಾಲ್ಕು ಸಿಲಿಂಡರುಗಳು ನಾಲ್ಕು ಪುಟ್ಟ ಬಾವಿಗಳಂತೆ ಬಾಯಿ ತೆರೆದವು. ಅವನು ತನ್ನ ಉದ್ದನೆಯ ಉಗುರನ್ನು ಒಂದರ ಒಳಗೋಡೆಗೆ ಹಚ್ಚಿ ಕೆಳಗಿನಿಂದ ಮೇಲಕ್ಕೆ ಎಳೆದ. ಬಾಯಿಯ ಹತ್ತಿರ ಉಗುರು ಟಕ್ಕೆಂದು ತಡೆಯಿತು.

"ನೀ ನೋಡು ತಂಗಿ."

ಜಗದೇವಿ ತನ್ನ ಬೆರಳಿಟ್ಟಳು. ಹೊಸ್ತಿಲಿನಂತೆ ಒಂದು ಅಂಚು ತಾಗಿತು.

"ಆ ಅಂಚು ಮೊದಲಿನ ಗೋಡಿ. ಅದರ ಕೆಳಗ ಪಿಸ್ಟನ್ ಆಡಿ ಆಡಿ ಗೋಡಿ ಒಳಗ ಹೋಗ್ಯಾದ. ಸಂದಿನಾಗ ಎಣ್ಣಿ ಏರಿ ಸುಡತದ. ಆ ನೀಲಿ ಹೊಗಿ ಅದೇ." ಆಮೇಲೆ ಅಳತೆಯ ಉಪಕರಣ ತೆಗೆದು ಇಳಿಬಿಟ್ಟು, ಅಂಕಿ ಓದಿಸಿ ತೋರಿಸಿದ. ಉಗುರು ಹೇಳಿದ್ದನ್ನೇ ಅಂಕಿಯೂ ಹೇಳಿತು.

"ಐದು ವರ್ಷದ ಹಿಂದ ನಾನೇ ಇದಕ್ಕ ಹೊಸಾ ಪಿಸ್ಟನ್ ಹಾಕೀನಿ," ಎಂದ ಅವನು, ಈಗ ತನ್ನಷ್ಟಕ್ಕೆ ಮಾತಾಡುವವನಂತೆ. "ಕಾಶಿನಾಥ ಎರಡು ವರ್ಷ ಓಡಿಸ್ಯಾನ, ನೀ ಮೂರು. ಲೋಡ್ ಇಲ್ಲ, ಜೋರ ಇಲ್ಲ, ಮಕ್ಕಳ ಗಾಡಿ. ಹದಿನೈದು ವರ್ಷದ ಸವತ ಇಷ್ಟ ಜಲ್ದಿ ಹ್ಯಾಂಗ ಬಂತು? ಅದು ತಿಳೀದ ಹೊಸಾ ಇಂಜಿನ್ ಹಾಕಿದ್ರೂ ಅಷ್ಟ, ಹಳೇದು ಕಟ್ಟಿದ್ರೂ ಅಷ್ಟ. ಮೂರು ವರ್ಷಕ್ಕ ಮತ್ತ ಇಲ್ಲೇ ಬಂದು ನಿಂದರ್ತೀರಿ."

ಅವನು ಗಾಳಿ ಒಳಗೆ ಹೋಗುವ ಕೊಳವೆಯನ್ನು ಬಿಚ್ಚಿದ. ಗಾಳಿ ಸೋಸುವ ಡಬ್ಬಿಗೂ ಇಂಜಿನ್ನಿಗೂ ನಡುವಿನ ರಬ್ಬರ್ ಕೊಳವೆ ಅದು. ಬಿಳಿ ಪಂಚೆಯ ಮೂಲೆಯ ಮೇಲೆ ಬೋರಲು ಹಿಡಿದು ಎರಡು ಸಲ ತಟ್ಟಿದ. ಒಂದು ಹಿಡಿಯಷ್ಟು ಪುಡಿ ಉದುರಿತು.

ಮನ್ಮಥಪ್ಪ ಬಹಳ ಹೊತ್ತು ಅದನ್ನೇ ನೋಡಿದ. ನಾರಾಯಣಖೇಡದ ದಾರಿಯ ಧೂಳು ಕೆಂಪು. ಆ ಗಾಡಿಯ ಚಕ್ರ, ಮಡ್ಗಾರ್ಡು, ಸೀಟಿನ ಸಂದಿ ಎಲ್ಲವೂ ಕೆಂಪು. ಇದು ಮಾತ್ರ ಬೂದುಬಿಳಿ. ಚಿಟಿಕೆ ಎತ್ತಿ ಬೆರಳ ನಡುವೆ ತಿಕ್ಕಿದ. ಮೂಸಿದ. ಆಮೇಲೆ, "ಆನಂದಕುಮಾರ, ಆ ತಿರುವಿನಾಗ ಚಹಾದ ಅಂಗಡಿ ಅದ. ನಾಲ್ಕು ಹೇಳಿ, ನೀವ ನಿಂತ ಮಾಡಿಸಿ ತರ್ತೀರೇನು? ಅಂವ ಸಕ್ಕರಿ ಭಾಳ ಹಾಕ್ತಾನ, ಕಾಶಿನಾಥಗ ಆಗಂಗಿಲ್ಲ," ಎಂದ.

ಆನಂದಕುಮಾರ ಹೋದ. ಮುದುಕ ಎಡಗೈಯಿಂದ ತಲೆಯ ಮೇಲೆ ವಸ್ತ್ರ ಎಳೆದುಕೊಂಡು, ಬೆರಳಲ್ಲಿದ್ದ ಆ ಚಿಟಿಕೆ ಪುಡಿಯನ್ನು ಭಕ್ತಿಯಿಂದ ತನ್ನ ಹಣೆಗೆ ಹಚ್ಚಿಕೊಂಡ.

ಜಗದೇವಿಗೆ ಎಲ್ಲವೂ ತಿಳಿಯಿತು. ಅವಳ ಮುಖದ ಬಣ್ಣ ಇಳಿದುಹೋಯಿತು.

ಕಲಿಸುವಾಗ ಕಾಶಿನಾಥ ಆ ಡಬ್ಬಿಯನ್ನು ಅವಳ ಕೈಯಿಂದ ಮುಟ್ಟಿಸಿ, ಇದು ಜೀಪು ಉಸಿರು ತೆಗೆದುಕೊಳ್ಳುವ ಜಾಗ, ಇದನ್ನು ಚೊಕ್ಕ ಇಡಬೇಕು ಎಂದು ಹೇಳಿದ್ದ. ಮೊದಲ ದಿನ ಮಕ್ಕಳನ್ನು ಕೂರಿಸಿಕೊಂಡು ಹೊರಡುವಾಗ ಅವಳಿಗೆ ಅಂಜಿಕೆ ಬಿಟ್ಟಿರಲಿಲ್ಲ. ಪೂಜೆಯ ವಿಭೂತಿ ಬೆರಳಲ್ಲಿ ಇನ್ನೂ ಇತ್ತು. ಡಬ್ಬಿಯ ಕ್ಲಿಪ್ಪು ಬಿಚ್ಚಿ, ಸೋಸುವ ಕಾಗದದ ಸುರುಳಿ ಎತ್ತಿ, ಕೊಳವೆಯ ಬಾಯೊಳಗೆ ಒಂದು ಚಿಟಿಕೆ ಹಾಕಿ, "ಉಸಿರಿನಾಗ ನೀನೇ ಇರು ತಂದೆ, ಮಕ್ಕಳು ಅವ," ಎಂದು ಬೇಡಿಕೊಂಡಿದ್ದಳು. ಆ ದಿನ ಸುಖವಾಗಿ ಮುಗಿಯಿತು. ಮರುದಿನವೂ ಹಾಕಿದಳು. ಆಮೇಲೆ ಮೂರು ವರ್ಷ ಒಂದು ದಿನವೂ ತಪ್ಪಿಸಲಿಲ್ಲ. ಪೂಜೆ ಹೇಳಿ ಮಾಡುವಂಥದ್ದಲ್ಲವಲ್ಲ; ಯಾರಿಗೂ ಹೇಳಿರಲಿಲ್ಲ.

"ಕಾಕಾ," ಎಂದಳು, ಧ್ವನಿ ಸಣ್ಣದಾಗಿತ್ತು. "ಅದು ನಾನೇ ಹಾಕಿದ್ದು. ದಿನಾ."

"ಏನ ಹಾಕಿದಿ?" ಕಾಶಿನಾಥ ಕೇಳಿದ. ಅವನಿಗೆ ಪಂಚೆಯ ಮೇಲಿನದು ಕಂಡಿರಲಿಲ್ಲ.

"ವಿಭೂತಿ. ಉಸಿರಿನ ಕೊಳವಿಯಾಗ." ತಾನೇ ಮುಂದುವರಿಸಿದಳು. "ದಿನಾ ಮುಂಜಾನೆ ಹಿತ್ತಾಳಿ ತಂಬಗಿ ಬೂದಿಲೆ ತಿಕ್ಕಿ ಫಳಫಳ ಮಾಡ್ತೀನಿ. ಬೂದಿ ತಿಕ್ಕಿದ್ರ ಲೋಹ ಸವಿತದ ಅಂತ ನನ್ನ ಕೈಗೆ ಗೊತ್ತಿತ್ತು. ತಲಿಗೆ ಹೊಳೀಲಿಲ್ಲ."

ಕಾಶಿನಾಥನ ಭುಜ ಕುಲುಕತೊಡಗಿತು. ಅಳುತ್ತಿದ್ದಾನೆಂದು ಅವಳು ಗಾಬರಿಯಾದಳು, ನಗುತ್ತಿದ್ದ. "ಮೂರು ವರ್ಷ ಒಂದ ಸಪ್ಪಳ ಕೇಳತಿತ್ತು ನನಗ, ಸಣ್ಣ ಕರಕರ. ಎಲ್ಲಾ ಬಿಚ್ಚಿ ನೋಡು ಅಂತ ಹೇಳಿದೆ, ನಿನ್ನ ಪೂಜಿ ಬಿಚ್ಚು ಅಂತ ಹೇಳಲಿಲ್ಲ ನೋಡು."

ಮನ್ಮಥಪ್ಪನೂ ಮೀಸೆಯಲ್ಲಿ ನಕ್ಕ. "ತಂಗಿ, ನಿಂದು ಬೇಡಿದ್ದು ತಪ್ಪಲ್ಲ. ಜಾಗಾ ತಪ್ಪು. ಬಾನೆಟ್ಟಿನ ಮ್ಯಾಲ ಹಚ್ಚು, ಸ್ಟೇರಿಂಗಿಗೆ ಹಚ್ಚು. ಆ ಕೊಳವಿಯೊಳಗ ಬರೇ ಗಾಳಿ ಹೋಗ್ಲಿ. ಗಾಳಿನೂ ಅವಂದ."

ಅವಳ ಕಣ್ಣಲ್ಲಿ ನೀರು ಬಂತು. ಬೈದಿದ್ದರೆ ತಡೆದುಕೊಳ್ಳುತ್ತಿದ್ದಳೇನೋ.

ಆನಂದಕುಮಾರ ಚಹಾ ತಂದ. ಮುದುಕ ಆ ಮೂಲೆಯ ಪಂಚೆಯನ್ನು ಆಗಲೇ ಮಡಚಿಟ್ಟಿದ್ದ. ಹೇಳುವುದು ಬಿಡುವುದು ಅವಳಿಗೆ ಬಿಟ್ಟದ್ದು. ಅವಳು ತಮ್ಮನಿಗೆ ತಾನೇ ಹೇಳಿದಳು. ಅವನು ಹಣೆ ಚಚ್ಚಿಕೊಂಡು, "ಆತು, ಕಾರಣ ಗೊತ್ತಾತಲ್ಲ," ಎಂದ. "ಇನ್ನು ತಾಂಡೂರಿಂದು ಹಾಕಸು. ಬೂದಿ ಹಾಕಬ್ಯಾಡ. ಮುಗೀತು."

ಅದು ಸುಳ್ಳಾಗಿರಲಿಲ್ಲ. ಜಗದೇವಿ ಮನ್ಮಥಪ್ಪನತ್ತ ನೋಡಿದಳು. "ನೀವು ಏನಂತೀರಿ ಕಾಕಾ?"

"ಅದೂ ಓಡತದ. ಕಾಶಿನಾಥ ಕೇಳ್ಯಾನ. ಎರಡು ದಿನದ ಕೆಲಸ. ಇದಕ್ಕ ಎಂಟು ದಿನ. ಪಿಸ್ಟನ್ ಹೈದರಾಬಾದಿನಿಂದ ಬರಬೇಕು, ಸಿಲಿಂಡರಿಗೆ ಒಳಗ ಹೊಸಾ ಗೋಡಿ, ಸ್ಲೀವ್ ಅಂತಾರ, ಕೂಡಸಬೇಕು, ಲೇತಿನಾಗ ಕೊರೀಬೇಕು. ನಾ ಇದ ಮಾಡು, ಅದ ಮಾಡು ಅನ್ನಾಂಗಿಲ್ಲ. ಆದ್ರ ನೀ ಇನ್ನೂ ಅರ್ಧಾನೇ ನೋಡೀದಿ. ಕೈ ತಾ."

ಅವನು ಕೆಳಭಾಗವನ್ನೂ ಬಿಚ್ಚಿದ. ಇಂಜಿನ್ನಿನ ಬೆನ್ನೆಲುಬಿನಂಥ ಭಾರದ ಕ್ರ್ಯಾಂಕನ್ನು, ಹಸುಗೂಸನ್ನು ಎತ್ತಿದ ಹಾಗೆ ಎರಡೂ ಕೈಯಿಂದ ಎತ್ತಿ, ಪಂಚೆಯ ಮೇಲೆ ಇಳಿಸಿ, ಎಣ್ಣೆ ಒರೆಸಿದ. ಜಗದೇವಿಯ ಬೆರಳನ್ನು ಹಿಡಿದು ಅದರ ತಿರುಗುವ ಜಾಗದ ಮೇಲೆ ಇರಿಸಿದ. ನುಣುಪು. ಒಂದು ಗೆರೆಯೂ ತಾಗಲಿಲ್ಲ. ಉಗುರು ಹಚ್ಚಿದರೂ ತಡೆಯಲಿಲ್ಲ.

"ಮ್ಯಾಲಿಂದ ಆ ಪುಡಿ ಎಣ್ಣಿಗೂ ಇಳದಾದ. ಬ್ಯಾರೆಯವರ ಗಾಡಿಯಾಗ ಇದೂ ಹೋಗ್ತಿತ್ತು. ಹೋಗಿಲ್ಲ. ಯಾಕ?"

"ಎಣ್ಣಿ ಬದಲಿ ಮಾಡೀನಿ."

"ಎಷ್ಟ ದಿನಕ್ಕೊಮ್ಮಿ?"

"ಎರಡು ಅಮಾಸಿಗೊಮ್ಮಿ. ಇವರು ಮೂರು ತಿಂಗಳು ಅಂದಿದ್ರು. ನನಗ ಅಂಜಿಕಿ, ಅದಕ್ಕ ಎರಡಕ್ಕ ಮಾಡ್ತಿದ್ದೆ."

ಮನ್ಮಥಪ್ಪ ತಲೆ ಅಲ್ಲಾಡಿಸಿದ. "ನಲವತ್ತೆಂಟು ವರ್ಷ ಆತು ನಾ ಈ ಕೆಲಸಕ್ಕ ಕೂತು. ಓಡಿದ ಗಾಡಿಯಾಗ ಇಂಥ ಕ್ರ್ಯಾಂಕ್ ನನ್ನ ಕೈಗೆ ನಾಲ್ಕೋ ಐದೋ ಬಂದಾವ. ಹೇಳೂದು ಹೇಳಿದೆ. ಇನ್ನ ನಿಮಗ ಬಿಟ್ಟದ್ದು." ಹೀಗೆಂದು ತಣ್ಣಗಾದ ಚಹಾ ಎತ್ತಿ ಕುಡಿದ.

ಬೇವಿನ ಎಲೆಯೊಂದು ಪಂಚೆಯ ಮೇಲೆ ಬಿತ್ತು. ಜಗದೇವಿ ಅದನ್ನು ಎತ್ತಿ ಆಚೆ ಹಾಕಿದಳು. ತಾಂಡೂರಿನ ಇಂಜಿನ್ನನ್ನು ನೆನೆದಳು. ಅದರ ತಪ್ಪೇನೂ ಇಲ್ಲ. ಆದರೆ ಅದರೊಳಗೆ ಯಾರ ಕೈ ಆಡಿದೆ, ಯಾರು ಏನು ಮಾಡಿದ್ದಾರೆ, ಯಾರೂ ಅವಳ ಮುಂದೆ ಬಿಳಿ ಪಂಚೆಯ ಮೇಲೆ ಇಟ್ಟು ತೋರಿಸಿಲ್ಲ. ಇದನ್ನು ಈ ಮನುಷ್ಯ ಒಂದೊಂದೇ ಬಿಚ್ಚಿ, ಅವಳ ತಪ್ಪನ್ನೂ ಅವಳ ಒಳ್ಳೆಯದನ್ನೂ ಪಕ್ಕಪಕ್ಕದಲ್ಲಿ ಇಟ್ಟು, ಮುಟ್ಟಿ ನೋಡು ಎಂದಿದ್ದ. ಇಷ್ಟು ಸಾವಧಾನವಾಗಿ ಅವಳನ್ನು ಯಾರೂ ಯಾವತ್ತೂ ನೋಡಿರಲಿಲ್ಲ.

"ಇದನ್ನೇ ಕಟ್ಟರಿ ಕಾಕಾ," ಎಂದಳು.

"ಅಕ್ಕಾ, ಎಂಟ ದಿನ," ಎಂದ ಆನಂದಕುಮಾರ. "ಕುಂಬಾರಗ ವರ್ಷ, ದೊಣ್ಣಿಗೆ ನಿಮಿಷ. ಮೂರು ವರ್ಷ ಕೂಡಿಸಿದ್ದು ಎಂಟ ದಿನದಾಗ ಹೋಗ್ತದ. ಮನಿಮನಿಗೆ ಏನಂತ ಹೇಳ್ತಿ?"

"ಆಗಿದ್ದು ಹೇಳ್ತೀನಿ."

"ಬೂದಿ ಸುದ್ದಿನೂ?"

"ಅದನ್ನ ಬಿಟ್ರ ಹೇಳಾಕ ಇನ್ನೇನ ಅದ?"

ಆನಂದಕುಮಾರ ಪೆನ್ನನ್ನು ಮತ್ತೆ ಕಿಸೆಗೆ ಸಿಕ್ಕಿಸಿದ.

ಸೋಮವಾರ ಜಗದೇವಿ ನಡೆದು ಹೊರಟಳು. ಹದಿಮೂರು ಮನೆ, ಹತ್ತೊಂಬತ್ತು ಮಕ್ಕಳು. ಎಲ್ಲ ಕಡೆಯೂ ಒಂದೇ ಮಾತು ಹೇಳಿದಳು: ತಪ್ಪು ನನ್ನದು, ವಿಭೂತಿ ಹಾಕಬಾರದ ಜಾಗದಲ್ಲಿ ಹಾಕಿದೆ, ಇಂಜಿನ್ ಸವೆಯಿತು, ಎಂಟು ದಿನ ಬೇಕು. ಕೆಲವರು ಅಯ್ಯೋ ಎಂದರು. ಒಬ್ಬರು ಮುಖ ತಿರುಗಿಸಿ, ಇಂಥ ತಿಳಿವಳಿಕೆಯವಳ ಕೈಯಲ್ಲಿ ಇಷ್ಟು ದಿನ ಮಕ್ಕಳನ್ನು ಕೊಟ್ಟೆವಲ್ಲ ಎಂದರು. ಅದನ್ನೂ ಕೇಳಿಸಿಕೊಂಡಳು. ಉಮಾಬಾಯಿ ಎಂಬ ತರುಣಿ ಮಾತ್ರ ಎರಡೂ ಹೇಳಲಿಲ್ಲ. ಅವಳ ಒಬ್ಬಳೇ ಮಗಳು ಮೂರನೆಯ ತರಗತಿ. "ನಾಳೆಯಿಂದ ದೇವಿದಾಸನ ವ್ಯಾನಿಗೆ ಕಳಸ್ತೀನಿ ಅಕ್ಕಾ. ಶಾಲಿ ತಪ್ಪಸಾಕ ಆಗಂಗಿಲ್ಲ," ಎಂದು ಮೆಲ್ಲಗೆ ಬಾಗಿಲು ಮುಂದೆ ಮಾಡಿದಳು.

ಕೊನೆಯ ಮನೆ ಮುದುಕಿ ತುಳಜಾಬಾಯಿಯದು. ಎರಡು ಮೊಮ್ಮಕ್ಕಳ ಅಜ್ಜಿ. ಅವಳ ಬಾಯಿಗೆ ಇಡೀ ಓಣಿ ಹೆದರುತ್ತಿತ್ತು. ಮೊರದಲ್ಲಿ ತೊಗರಿಬೇಳೆ ಹಸನು ಮಾಡುತ್ತ ಎಲ್ಲವನ್ನೂ ಕೇಳಿದಳು.

"ಬೂದಿ ಹಾಕಿದಿ?"

"ಹೌದ್ರಿ ಆಯಿ."

"ಪಾತ್ರಿ ತಿಕ್ಕೂ ಬೂದಿ?"

"ಅಲ್ರಿ, ಪೂಜಿ ವಿಭೂತಿ."

"ಎಲ್ಲಾ ಒಂದ ಆಕಳದ್ದು ಬಿಡು." ಮೊರವನ್ನು ಒಮ್ಮೆ ಝಾಡಿಸಿದಳು. "ನನ್ನ ಗಂಡ ಹೊಸಾ ರೇಡಿಯೋಕ್ಕ ಎಣ್ಣಿ ಬಿಟ್ಟಿದ್ದ, ದನಿ ನುಣ್ಣಗಾಗಲಿ ಅಂತ. ಸಾಯೂತನಕ ರೇಡಿಯೋ ಕಂಪನಿಯವರದೇ ತಪ್ಪು ಅಂತ ಅಂದ. ನೀ ನಿಂದ ಅಂತ ಹೇಳಾಕ ಬಿಸಿಲಾಗ ನಡಕೋತ ಬಂದೀದಿ. ಕೂಡು, ನೀರ ಕುಡಿ. ನನ್ನವು ಎಂಟ ದಿನ ಅವರಪ್ಪನ ಮೋಟರ್ ಸೈಕಲ್ ಮ್ಯಾಲ ಹೋಗ್ತಾವ. ಅಂವಗೂ ಜರಾ ಮುಂಜಾನೆ ಏಳೂದು ಗೊತ್ತಾಗಲಿ."

ಆ ಎಂಟು ದಿನಗಳಲ್ಲಿ ಮೂರು ದಿನ ಜಗದೇವಿ ಜಹೀರಾಬಾದಿಗೆ ಹೋಗಿ ಕೂತಳು. ಮುದುಕ ಕೆಲಸ ಮಾಡುವುದನ್ನು ನೋಡುವುದೇ ಒಂದು ದರ್ಶನ. ಕೊರೆದು ಬಂದ ಸಿಲಿಂಡರಿನ ಒಳಗೋಡೆಯನ್ನು ಅವನು ಬೆಳಕಿಗೆ ಹಿಡಿದು, ಒಮ್ಮೆ ಸಮಾಧಾನವಾಗದೆ ಲೇತಿನವನ ಬಳಿಗೆ ತಾನೇ ಹೊತ್ತುಕೊಂಡು ಹೋಗಿ, ಕೂದಲೆಳೆಯ ವ್ಯತ್ಯಾಸಕ್ಕೆ ಮತ್ತೆ ಮಾಡಿಸಿ ತಂದ. ಪಿಸ್ಟನ್ನಿನ ರಿಂಗುಗಳನ್ನು ಒಂದೊಂದಾಗಿ ಸಿಲಿಂಡರಿನೊಳಗೆ ಇಳಿಸಿ ಸಂದು ಅಳೆದು, ಹೆಚ್ಚಾದದ್ದನ್ನು ಅರದಿಂದ ಎರಡೇ ಎರಡು ಸಲ ತಿಕ್ಕಿ, ಮತ್ತೆ ಅಳೆದ. ಬೋಲ್ಟು ಬಿಗಿಯುವಾಗ ತುಟಿಯಲ್ಲಿ ನಾಮಸ್ಮರಣೆ ನಡೆದಿರುತ್ತಿತ್ತು. ಹನ್ನೊಂದು ನಾಮಕ್ಕೆ ಒಂದು ಬೋಲ್ಟು. ಯಾರು ಕರೆದರೂ ಆ ಹನ್ನೊಂದು ಮುಗಿಯುವ ತನಕ ತಿರುಗುತ್ತಿರಲಿಲ್ಲ. ಪೂಜೆ ಯಾವುದು, ಕೆಲಸ ಯಾವುದು ಎಂದು ಗೆರೆ ಎಳೆಯಲು ಅವಳಿಗೆ ಆಗಲಿಲ್ಲ. ಅವನ ಪೂಜೆ ಇಂಜಿನ್ನಿನ ಒಳಗೆ ಹೋಗಿಯೂ ಅದಕ್ಕೆ ಗಾಯ ಮಾಡಿರಲಿಲ್ಲ.

ಒಂಬತ್ತನೆಯ ದಿನ ಜೀಪು ಚಾಲೂ ಆಯಿತು. ಹೊಗೆ ಇಲ್ಲ. ಕಾಶಿನಾಥ ಬಾನೆಟ್ಟಿನ ಮೇಲೆ ಕಿವಿ ಇಟ್ಟು ಸುಮಾರು ಹೊತ್ತು ಇದ್ದು, ಮನ್ಮಥಪ್ಪನ ಕೈ ಹುಡುಕಿ ಹಿಡಿದುಕೊಂಡ.

"ಒಂದ ಮಾತು ತಂಗಿ," ಎಂದ ಮುದುಕ. "ಸಾವಿರ ಕಿಲೋಮೀಟರ್ ತನಕ ನಲವತ್ತರ ಮ್ಯಾಲ ಹೋಗಬ್ಯಾಡ. ಹೊಸಾ ರಿಂಗು, ಹೊಸಾ ಗೋಡಿ. ಒಂದಕ್ಕೊಂದು ಪರಿಚಯ ಆಗಬೇಕು. ಅವಸರ ಮಾಡಿದ್ರ ಜಗಳಾ ಆಡ್ತಾವ."

ಮರುದಿನ ಹನ್ನೆರಡು ಮಕ್ಕಳು ಹತ್ತಿದವು. ಏಳು ಹಳದಿ ವ್ಯಾನಿನಲ್ಲೇ ಉಳಿದವು. ನಲವತ್ತು ದಾಟದೆ ಹೋಗುತ್ತಿದ್ದ ಜೀಪನ್ನು ದೇವಿದಾಸ ಹಾರ್ನು ಹೊಡೆದು ದಾಟಿ ಹೋದ. ಹಿಂದಿನ ಕಿಟಕಿಯಿಂದ ಆ ಏಳರಲ್ಲಿ ಒಂದೆರಡು ಕೈ ಬೀಸಿದವು. "ಡ್ರೈವರಮ್ಮಾ, ಜೋರ ಹೊಡಿ," ಎಂದು ಮಕ್ಕಳು ಕೂಗಿದವು. ಅವಳು ಹೊಡೆಯಲಿಲ್ಲ. ಶಾಲೆ ಮುಟ್ಟುವಾಗ ಹತ್ತು ನಿಮಿಷ ತಡ. ಗೇಟಿನಲ್ಲಿ ನಿಂತಿದ್ದ ಹೆಡ್ಮಿಸ್ಟ್ರೆಸ್ ಸ್ವರೂಪಾ ಮೇಡಂ ಗಡಿಯಾರ ನೋಡಿದರು.

"ಇಪ್ಪತ್ತು ದಿನ ಹಿಂಗೇ ಮೇಡಂ. ನಾಳೆಯಿಂದ ಜಲ್ದಿ ಹೊರಡ್ತೀನಿ, ತಡ ಆಗಂಗಿಲ್ಲ," ಎಂದಳು ಜಗದೇವಿ.

ಆ ಸಂಜೆ ಮತ್ತೆ ಮನೆಮನೆಗೆ ಹೋಗಿ, ನಾಳೆಯಿಂದ ಕಾಲು ತಾಸು ಮೊದಲೇ ಬರುತ್ತೇನೆ ಎಂದು ಹೇಳಿ ಬಂದಳು. ಉಮಾಬಾಯಿಯ ಮನೆ ದಾಟಿ ಹೋಗುವಾಗ ಅವಳು ಬಾಗಿಲಲ್ಲಿ ನಿಂತಿದ್ದಳು.

"ಅಕ್ಕಾ, ನಿನ್ನ ಜೀಪು ಎಮ್ಮಿ ಹಾಂಗ ನಡೀತದಂತ? ಮಕ್ಕಳು ನಗ್ತಿದ್ವು."

"ಹೌದು. ಸಾವಿರ ಕಿಲೋಮೀಟರ್ ತನಕ ಮೆಲ್ಲಗ ನಡಸು ಅಂದಾರ."

"ಆಮ್ಯಾಲ?"

ಜಗದೇವಿ ಯೋಚಿಸಿದಳು. "ಆಮ್ಯಾಲ ಜೋರ ಹೋಗಬಹುದು ಅಂದಾರ. ಆದ್ರ ನನಗ ಇದೇ ಸೇರ್ಯಾದ."

ಉಮಾಬಾಯಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು. ಒಳಗೆ ಮಗಳು ಪಾಠ ಓದುವ ದನಿ ಕೇಳುತ್ತಿತ್ತು.

"ದೇವಿದಾಸ ಲಾರಿ ಓಡಾಡೂ ದಾರಿಯಾಗ ಭಾಳ ಜೋರ ಹೊಡೀತಾನ," ಎಂದಳು. "ಎಷ್ಟಕ್ಕ ಬರ್ತಿ ನೀನು?"

"ಏಳೂಕಾಲಿಗೆ."

"ಏಳಕ್ಕ ತಯಾರ ಮಾಡಿ ನಿಂದರಸ್ತೀನಿ," ಎಂದು ಹೇಳಿ, ಉಮಾಬಾಯಿ ಮಗಳ ಸಮವಸ್ತ್ರ ಒಣಗಿದೆಯೇ ಎಂದು ಹಗ್ಗದ ಕಡೆ ನಡೆದಳು.